ಗಿಟ್‌ಗೆ ಯಾವ ಫೈಲ್ ಹಾಕಬಾರದು?

ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕಲಿತ ಹೊಸತರಲ್ಲಿ ನಾನು, ಫೋಲ್ಡರ್‌ನಲ್ಲಿದ್ದದ್ದನ್ನೆಲ್ಲ ಸೇರಿಸುವ 'ಗಿಟ್ ಆ್ಯಡ್ ಡಾಟ್' ಹೊಡೆದು ಆರಾಮಾಗಿದ್ದೆ. ನಾನು ಬರೆದದ್ದು ಹತ್ತು ಹನ್ನೆರಡು ಫೈಲ್, ಕಮಿಟ್‌ನಲ್ಲಿ, ಅಂದರೆ ಗಿಟ್ ಉಳಿಸಿಟ್ಟ ದಾಖಲೆಯಲ್ಲಿ, ಇದ್ದದ್ದು ಸಾವಿರಾರು. ಇನ್‌ಸ್ಟಾಲ್ ಮಾಡಿದ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಪೂರ್ತಿ ಒಳಗೆ ಹೋಗಿತ್ತು.

ಈಗ ಪ್ರತಿ ಫೈಲ್‌ಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಅಳಿಸಿದರೆ, ಒಂದು ಕಮಾಂಡ್ ಹೊಡೆದು ಇದ್ದ ಹಾಗೇ ವಾಪಸ್ ತರಬಹುದಾ? ಹೌದಾದರೆ ಗಿಟ್‌ಗೆ ಬೇಡ. ನೋಡ್ ಮಾಡ್ಯೂಲ್ಸ್, ಪಿಎಚ್‌ಪಿ ಪ್ಯಾಕೇಜ್‌ಗಳ ವೆಂಡರ್ ಫೋಲ್ಡರ್, ಬಿಲ್ಡ್ ಮಾಡಿದಾಗ ಹುಟ್ಟುವ ಡಿಸ್ಟ್ ಫೋಲ್ಡರ್ ಎಲ್ಲವೂ ಹೊರಗೆ. ಲಾಗ್‌ಗಳಂತೂ ಯಾರಿಗೂ ಬೇಡ.

ಯಾವ ಪ್ಯಾಕೇಜ್‌ನ ಯಾವ ವರ್ಶನ್ ಅಂತ ಬರೆದಿಡುವ ಪ್ಯಾಕೇಜ್ ಲಾಕ್ ಫೈಲ್ ಕೂಡ ತಾನಾಗಿಯೇ ಹುಟ್ಟುತ್ತದಲ್ವಾ ಅನ್ನಬಹುದು. ಹುಟ್ಟುತ್ತದೆ, ಆದರೆ ಅದೇ ವರ್ಶನ್‌ಗಳೊಂದಿಗೆ ಹುಟ್ಟಬೇಕೆಂದಿಲ್ಲ. ಅದನ್ನು ಕಮಿಟ್ ಮಾಡಿ. ಆ ವರ್ಶನ್‌ಗಳನ್ನೇ ಇನ್‌ಸ್ಟಾಲ್ ಮಾಡುವ 'ಎನ್‌ಪಿಎಂ ಸಿಐ' ಕಮಾಂಡ್ ಲಾಕ್ ಫೈಲ್ ಇಲ್ಲದೆ ಓಡುವುದೇ ಇಲ್ಲ.

ಪಾಸ್‌ವರ್ಡ್, ಎಪಿಐ ಕೀ ಇರುವ ಡಾಟ್ ಎನ್ವ್ ಫೈಲ್‌ಗೆ ಈ ಲೆಕ್ಕ ನಡೆಯುವುದಿಲ್ಲ. ವಾಪಸ್ ತರುವ ಕಮಾಂಡ್ ಇಲ್ಲ, ಆದರೂ ಹೊರಗೇ ಇರಬೇಕು. ನಾನೊಮ್ಮೆ ಅದನ್ನು ಡೇಟಾಬೇಸ್ ಪಾಸ್‌ವರ್ಡ್ ಸಮೇತ ಪುಶ್ ಮಾಡಿ ಸರ್ವರ್‌ಗೆ ಕಳಿಸಿಬಿಟ್ಟೆ. ಗಾಬರಿಯಿಂದ, ಗಿಟ್ ಮುಟ್ಟಬಾರದ ಫೈಲ್‌ಗಳ ಪಟ್ಟಿಯಾದ ಡಾಟ್ ಗಿಟ್‌ಇಗ್ನೋರ್‌ನಲ್ಲಿ ಅದರ ಹೆಸರು ಬರೆದು ನಿಟ್ಟುಸಿರು ಬಿಟ್ಟೆ. ಮಾರನೇ ದಿನ ಫೈಲ್ ತಿದ್ದಿದರೆ ಗಿಟ್ ಸ್ಟೇಟಸ್‌ನಲ್ಲಿ 'ಮಾಡಿಫೈಡ್' ಅಂತ ಹಾಜರ್! ಒಮ್ಮೆ ಟ್ರ್ಯಾಕ್ ಆದ ಫೈಲ್‌ಗೆ ಇಗ್ನೋರ್ ಪಟ್ಟಿ ಲೆಕ್ಕಕ್ಕೇ ಇಲ್ಲ. 'ಗಿಟ್ ಆರ್‌ಎಂ' ಜೊತೆ 'ಕ್ಯಾಶ್ಡ್' ಆಪ್ಶನ್ ಕೊಟ್ಟು ಕಮಿಟ್ ಮಾಡಬೇಕು. ಆಗ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಉಳಿಯುತ್ತದೆ, ಗಿಟ್ ಮಾತ್ರ ಕೈಬಿಡುತ್ತದೆ. ಜೊತೆಗಾರರಿಗೆ ಮೊದಲೇ ಹೇಳಿ. ಅವರು ಪುಲ್ ಮಾಡಿದಾಗ ಅವರ ಕಡೆ ಆ ಫೈಲ್ ಅಳಿಸಿಹೋಗುತ್ತದೆ. ಇಷ್ಟಾದರೂ ಹಳೆಯ ಕಮಿಟ್‌ನಲ್ಲಿ ಪಾಸ್‌ವರ್ಡ್ ಕೂತೇ ಇರುತ್ತದೆ. ಅದನ್ನು ಬದಲಾಯಿಸಲೇಬೇಕು. ಹೊಸಬರಿಗಾಗಿ ಬರೀ ಹೆಸರುಗಳಿರುವ, ಮೌಲ್ಯಗಳಿಲ್ಲದ ಒಂದು ಮಾದರಿ ಎನ್ವ್ ಫೈಲ್ ಕಮಿಟ್ ಮಾಡಿಡಿ.

ಮ್ಯಾಕ್ ತಾನಾಗಿಯೇ ಹುಟ್ಟಿಸುವ ಡಿಎಸ್ ಸ್ಟೋರ್ ಫೈಲ್, ಎಡಿಟರ್‌ನ ಕಸ ಇವೆಲ್ಲ ನಿಮ್ಮ ಯಂತ್ರದ ವಿಷಯ. ಸುಮ್ನೆ ಪ್ರಾಜೆಕ್ಟ್‌ಗೆ ಯಾಕೆ ತುರುಕುವುದು? ಗಿಟ್ ಕಾನ್ಫಿಗ್‌ನಲ್ಲಿ ಗ್ಲೋಬಲ್ ಇಗ್ನೋರ್ ಫೈಲ್ ಇಟ್ಟುಕೊಳ್ಳಿ.

ಬಳಕೆದಾರರು ಚಿತ್ರ ಹಾಕುವ ಅಪ್‌ಲೋಡ್ಸ್ ಫೋಲ್ಡರ್ ಸ್ವಲ್ಪ ತಂಟೆಯದು. ಫೋಲ್ಡರ್ ಬೇಕು, ಒಳಗಿನದು ಬೇಡ. ಖಾಲಿ ಫೋಲ್ಡರನ್ನು ಗಿಟ್ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಡಾಟ್ ಗಿಟ್‌ಕೀಪ್ ಎಂಬ ಖಾಲಿ ಫೈಲ್ ಹಾಕುತ್ತೇವೆ. ಇಗ್ನೋರ್‌ನಲ್ಲಿ ಬರೀ ಫೋಲ್ಡರ್ ಹೆಸರು ಬರೆದರೆ, ಕೆಳಗೆ ಆಶ್ಚರ್ಯ ಚಿಹ್ನೆ ಹಾಕಿ ಗಿಟ್‌ಕೀಪನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್, ನಕ್ಷತ್ರ ಹಾಕಿ, ಆಗ ಆಗುತ್ತದೆ. ನಾನು ಇದಕ್ಕೆ ಒಂದು ಸಂಜೆ ಕಳೆದಿದ್ದೇನೆ. ಕೊನೆಗೆ ದಾರಿ ತೋರಿಸಿದ್ದು 'ಗಿಟ್ ಚೆಕ್ ಇಗ್ನೋರ್', ಮುಂದೆ ಮೈನಸ್ ವಿ, ಆಮೇಲೆ ಫೈಲ್ ಹೆಸರು. ಯಾವ ಸಾಲು ಆ ಫೈಲನ್ನು ತಡೆಯುತ್ತಿದೆ ಅಂತ ಸಾಲಿನ ನಂಬರ್ ಸಮೇತ ಹೇಳುತ್ತದೆ.