ಪ್ರಶ್ನೆ ಕೇಳದೆ ಕತೆ ಹಿಡಿಯುವುದು

ನಡೆಯುವುದನ್ನು ನಡುವೆ ಬಾಯಿ ಹಾಕದೆ ನೋಡುತ್ತಾ ಚಿತ್ರಿಸುವ ವೀಕ್ಷಣಾತ್ಮಕ ಸಾಕ್ಷ್ಯಚಿತ್ರದಲ್ಲಿ ಸಾಮಾನ್ಯವಾಗಿ ಸಂದರ್ಶನವೂ ಇರದು, ನಿರೂಪಕನ ದನಿಯೂ ಇರದು. ಕತೆ ಹುಟ್ಟಬೇಕಾದದ್ದು ದೃಶ್ಯದೊಳಗೇ. ಯಾರಿಗೆ ಏನು ಬೇಕಾಗಿದೆ, ಅಡ್ಡಿ ಏನು ಎಂಬುದನ್ನು ಮೊದಲು ಗುರುತಿಸಿ. ಕ್ಯಾಮೆರಾ ಎಲ್ಲಿಡಬೇಕೆಂದು ಆಗ ಹೊಳೆಯುತ್ತದೆ.

ಮಾತಾಡುವವರ ಮುಖಕ್ಕೇ ಅಂಟಿಕೊಳ್ಳಬೇಡಿ. ಕೇಳಿಸಿಕೊಳ್ಳುವವರ ಮುಖ, ಕೆಲಸದಲ್ಲಿರುವ ಕೈ, ಬಾಗಿಲು, ಒಲೆ ಒಂದೊಂದನ್ನೂ ಕನಿಷ್ಠ 10 ಸೆಕೆಂಡು ಅಲುಗಾಡದೆ ಹಿಡಿಯಿರಿ. ಇವಿಲ್ಲದೆ 40 ನಿಮಿಷದ ಮಾತನ್ನು 3 ನಿಮಿಷಕ್ಕೆ ಇಳಿಸಹೊರಟರೆ ಕತ್ತರಿಸಿ ಜೋಡಿಸಿದ ಪ್ರತಿ ಜಾಗದಲ್ಲೂ ಚಿತ್ರ ಜಿಗಿದಂತೆ ಕಾಣುತ್ತದೆ. (ಗೋಡೆ ಗಡಿಯಾರ ಫ್ರೇಮಿನಲ್ಲಿ ಬೇಡ, ಸಂಕಲನದಲ್ಲಿ ಮುಳ್ಳು ಹಿಂದಕ್ಕೆ ಓಡೀತು.) ಮಾತು ನಿಂತ ತಕ್ಷಣ ರೆಕಾರ್ಡಿಂಗ್ ನಿಲ್ಲಿಸುವುದೇ ದೊಡ್ಡ ತಪ್ಪು: ನಿಜವಾದ ಪ್ರತಿಕ್ರಿಯೆ ಎಷ್ಟೋ ಸಲ ಆಮೇಲೆ ಬರುತ್ತದೆ.

ಹೊರಡುವ ಮುನ್ನ ಯಾರೂ ಮಾತಾಡದಿರುವಾಗಿನ ಆ ಜಾಗದ ಬರೀ ಸದ್ದನ್ನು 1 ನಿಮಿಷ ಮುದ್ರಿಸಿಕೊಳ್ಳಿ, ಸಂಕಲನದಲ್ಲಿ ಮಾತಿನ ನಡುವಿನ ಖಾಲಿ ಜಾಗ ತುಂಬಲು ಬೇಕಾಗುತ್ತದೆ. ಇನ್ನು ಬೆಳಕು: ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನ. ಟ್ಯೂಬ್‌ಲೈಟ್ ಇದ್ದಲ್ಲಿ ಕ್ಯಾಮೆರಾದ ಶಟರ್ ವೇಗವನ್ನು ಅದಕ್ಕೆ ಹೊಂದುವಂತೆ 1/50 ಸೆಕೆಂಡಿಗೆ ಇಡದಿದ್ದರೆ ಚಿತ್ರ ಮಿಣುಕಬಹುದು.