ಬಳ್ಳಾರಿ ಜಾಲಿಯ ಸಸಿಗಳಿಗೆ ಸಸ್ಯಜನ್ಯ ದ್ರಾವಣ: ಎಲ್ಲಿ, ಯಾವಾಗ, ಹೇಗೆ

ಬಳ್ಳಾರಿ ಜಾಲಿ ನಮ್ಮ ನೆಲದ ಮರವಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಒಣನಾಡುಗಳಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಈ ಮರ ಇಂದು ರಾಯಚೂರು, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕೆರೆಯಂಗಳ, ಹಳ್ಳದ ದಂಡೆ ಮತ್ತು ಬೀಳು ಹೊಲಗಳನ್ನು ಆವರಿಸಿಕೊಂಡಿದೆ. ದನಕರು ನೀರು ಕುಡಿಯುವ ಕೆರೆಯ ಪಕ್ಕದಲ್ಲಿ ರಾಸಾಯನಿಕ ಕಳೆನಾಶಕ ಸುರಿಯಲು ಮನಸ್ಸು ಒಪ್ಪದ ರೈತರು ಸಸ್ಯಜನ್ಯ ದ್ರಾವಣಗಳತ್ತ ನೋಡುವುದು ಸಹಜವೇ ಆಗಿದೆ. ಆದರೆ ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ: ವಿನೆಗರ್, ಪೈನ್ ಎಣ್ಣೆ, ಲವಂಗದ ಎಣ್ಣೆಯಂತಹ ದ್ರಾವಣಗಳು ತಾವು ತಾಗಿದ ಹಸಿರು ಭಾಗವನ್ನು ಮಾತ್ರ ಸುಡುತ್ತವೆ, ಅವು ಬೇರಿಗೆ ಇಳಿಯುವುದಿಲ್ಲ. ಆದ್ದರಿಂದ ಅವು ಎಳೆಯ ಸಸಿಗಳಿಗೆ ತಕ್ಕವೇ ಹೊರತು ಬೆಳೆದ ಮರಕ್ಕಲ್ಲ.

ಬೆಳೆದ ಮರಕ್ಕೆ ಗುದ್ದಲಿ, ಹಾರೆಯೇ ಗತಿ. ಜಾಲಿಯ ಬೇರಿನ ಮೇಲ್ಭಾಗದಲ್ಲಿ, ಮಣ್ಣಿನೊಳಗೆ, ಸುಪ್ತ ಮೊಗ್ಗುಗಳಿರುತ್ತವೆ. ನೆಲಮಟ್ಟದಲ್ಲಿ ಕಡಿದರೆ ಅವೇ ಒಂದರ ಬದಲು ಹತ್ತು ಕೊಂಬೆಗಳಾಗಿ ಏಳುತ್ತವೆ. ಹೀಗಾಗಿ ಬುಡದ ಸುತ್ತ ಮಣ್ಣು ತೆಗೆದು, ಸುಮಾರು 30 ಸೆಂ.ಮೀ. ಆಳದಲ್ಲಿ ಬೇರನ್ನು ಕತ್ತರಿಸಿ, ಬುಡವನ್ನು ಪೂರ್ತಿ ಹೊರತೆಗೆಯಬೇಕು. ಬುಡಕ್ಕೆ ಡೀಸೆಲ್ ಸುರಿಯುವ ರೂಢಿ ಕೆಲವೆಡೆ ಇದೆ; ಮಣ್ಣನ್ನೂ ನೀರನ್ನೂ ಕೆಡಿಸುವ ಆ ದಾರಿ ಬೇಡವೆಂದೇ ನನ್ನ ಬಲವಾದ ಅಭಿಪ್ರಾಯ.

ದ್ರಾವಣದ ಕೆಲಸ ಆರಂಭವಾಗುವುದು ಮುಂಗಾರಿನ ಮೊದಲ ಮಳೆಗಳ ನಂತರ, ತೆರವುಗೊಂಡ ನೆಲದಲ್ಲಿ ಸಸಿಗಳು ಗುಂಪಾಗಿ ಏಳುವಾಗ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2002ರ ಸುಮಾರಿಗೆ ತಿಳಿಸಿದಂತೆ, ಶೇ 5ರಿಂದ 10ರಷ್ಟು ಅಸಿಟಿಕ್ ಆಮ್ಲವಿರುವ ವಿನೆಗರ್ ಮೊಳೆತು ಎರಡು ವಾರ ದಾಟದ ಕಳೆಗಳನ್ನು ಕೊಲ್ಲಬಲ್ಲದು. ಅಡುಗೆಮನೆಯ ವಿನೆಗರ್‌ನಲ್ಲಿ ಆಮ್ಲ ಶೇ 4ರಿಂದ 5ರಷ್ಟೇ ಇರುವುದರಿಂದ ಅದಕ್ಕೆ ನೀರು ಬೆರೆಸಬಾರದು, ಮೊಳಕೆಯ ಮೊದಲ ಎಲೆಗಳಾದ ಬೀಜದೆಲೆಗಳು ಬಿಚ್ಚಿದ ಕೂಡಲೇ ಸಿಂಪಡಿಸಬೇಕು. ದ್ರಾವಣ ಎಲೆಗೆ ಅಂಟಿಕೊಳ್ಳಲು ಒಂದು ಹಿಡಿ ಅಂಟುವಾಳದ ಸಿಪ್ಪೆಯನ್ನು ರಾತ್ರಿ ಸ್ವಲ್ಪವೇ ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿದ ಗಟ್ಟಿ ನೊರೆನೀರನ್ನು ತುಸು ಬೆರೆಸಬಹುದು. ಮೋಡ, ಗಾಳಿಯಿಲ್ಲದ ಬಿಸಿಲಿನ ದಿನವನ್ನು ಆರಿಸಿಕೊಂಡು, ಎಲೆಗಳು ಪೂರ್ತಿ ತೊಯ್ಯುವಂತೆ ಸಿಂಪಡಿಸಬೇಕು. ಪಕ್ಕದ ತೊಗರಿ, ಶೇಂಗಾದ ಮೇಲೆ ಬಿದ್ದರೆ ಅವೂ ಸುಡುತ್ತವೆ. ಸಸ್ಯಮೂಲದ್ದೆಂದು ಸದರ ಮಾಡದೆ ಕನ್ನಡಕ, ಕೈಗವಸು ಧರಿಸಬೇಕು. ಬೇರೆ ಉದ್ದೇಶಕ್ಕೆ ಮಾರುವ ಗಾಢ ಅಸಿಟಿಕ್ ಆಮ್ಲ ಕಣ್ಣನ್ನೇ ಕಳೆಯಬಲ್ಲದು, ಅದನ್ನು ಮುಟ್ಟಲೇಬಾರದು. ವಾರದ ನಂತರ ಮತ್ತೆ ನೋಡಿ, ಚಿಗುರಿದ ಸಸಿಗಳನ್ನು ನೆಲ ಹಸಿಯಿರುವಾಗಲೇ ಬೇರುಸಹಿತ ಕಿತ್ತುಬಿಡುವುದು ಲೇಸು.

ಜೋಳದ ಕಷಾಯವನ್ನೂ ಹಲವರು ಕೇಳುತ್ತಾರೆ. ಬಲಿತು ಒಣಗಿದ ಜೋಳದ ದಂಟನ್ನು ಸಣ್ಣಗೆ ಕತ್ತರಿಸಿ, ಒಂದು ಕಿಲೋಗೆ ಹತ್ತು ಲೀಟರ್ ನೀರಿನಂತೆ 24 ಗಂಟೆ ನೆನೆಸಿ ಸೋಸಿದ ನೀರು ಕೆಲವು ಸಣ್ಣ ಕಳೆಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಆದರೆ ಜಾಲಿಯ ಬೀಜಕ್ಕೆ ನೀರನ್ನೇ ಒಳಬಿಡದ ಗಟ್ಟಿ ಹೊದಿಕೆಯಿರುವುದರಿಂದ ಆ ಬೀಜದ ಮೇಲೆ ಇದನ್ನು ನೆಚ್ಚುವಂತಿಲ್ಲ. ತೆರವಾದ ನೆಲದಲ್ಲಿ ಜೋಳವನ್ನೇ ದಟ್ಟವಾಗಿ ಬಿತ್ತಿದರೆ, ಸಾಲುಗಳ ನಡುವೆ ಎಡೆ ಹೊಡೆಯುವಾಗ ಜಾಲಿಯ ಸಸಿಗಳು ಕಿತ್ತುಬರುತ್ತವೆ, ಉಳಿದವಕ್ಕೆ ನೆರಳು ಬೀಳುತ್ತದೆ. ಬೇವಿನ ಎಣ್ಣೆ ಕೀಟಗಳಿಗೆ ಮದ್ದು. ಅದನ್ನು ಜಾಲಿಗೆ ಹೊಡೆದು ಹಣ ಕಳೆದುಕೊಳ್ಳುವುದು ಬೇಡ.

ಬೀಜ ಬರುವ ದಾರಿಯನ್ನೂ ಮುಚ್ಚಬೇಕು. ಸಿಹಿಯಾದ ಕಾಯಿಗಳನ್ನು ತಿಂದ ಕುರಿ, ದನಗಳ ಹೊಟ್ಟೆಯಲ್ಲಿ ಬೀಜದ ಹೊದಿಕೆ ಮೆತ್ತಗಾಗಿ, ಹಿಕ್ಕೆ ಮತ್ತು ಸಗಣಿಯ ಜೊತೆ ಹೊಲವೆಲ್ಲ ಹರಡುತ್ತದೆ. ಬೇಸಿಗೆಯಲ್ಲಿ ಕಾಯಿಗಳನ್ನು ಆಯ್ದು, ಒಣಗಿಸಿ, ಬೀಜವೂ ಪುಡಿಯಾಗುವಂತೆ ಬೀಸಿ ಮೇವಿನಲ್ಲಿ ಬೆರೆಸಿದರೆ ಮೇವೂ ಸಿಗುತ್ತದೆ, ಬೀಜವೂ ಸಾಯುತ್ತದೆ. ಮಣ್ಣಿನಲ್ಲಿ ಈಗಾಗಲೇ ಅಡಗಿರುವ ಬೀಜಗಳು ವರ್ಷಗಟ್ಟಲೆ ಮೊಳೆಯುತ್ತಲೇ ಇರುವುದರಿಂದ, ಮುಂದಿನ ಮುಂಗಾರುಗಳಲ್ಲೂ ಪ್ರತಿ ಹದಮಳೆಯ ನಂತರ ಒಮ್ಮೆ ಹೊಲ ಸುತ್ತಿ ಸಸಿಗಳನ್ನು ಹುಡುಕಬೇಕು.