ಹೆಗ್ಗಣದ ಕಳ್ಳಬಾಗಿಲು ಸಿಕ್ಕಿದ್ದು ಹೀಗೆ

ಬದುವಿನ ಬಿಲಕ್ಕೆ ಸಿಮೆಂಟು ಸುರಿಯುತ್ತಿದ್ದಾಗ ಪಕ್ಕದ ಗದ್ದೆಯವರು "ಹೆಗ್ಗಣಕ್ಕೆ ಆರ್‌ಸಿಸಿ ಮನೆ ಕಟ್ಟಿಸ್ತಿದ್ದೀಯಾ?" ಅಂತ ನಕ್ಕಿದ್ದರು. ಈಗ ಅವರೇ ನನ್ನ ಬಲೆ ಕೇಳಿಕೊಂಡು ಬರುತ್ತಾರೆ.

ಅದಕ್ಕೂ ಮುಂಚೆ ಎರಡು ವರ್ಷ ದುಡ್ಡು ನೀರಾಯಿತು. ಜಿಂಕ್ ಫಾಸ್ಫೈಡ್ ಅನ್ನೋ ಇಲಿ ಪಾಷಾಣ ಅಕ್ಕಿಗೆ ಬೆರೆಸಿ ಇಟ್ಟೆ. ಮೊದಲ ರಾತ್ರಿ ಒಂದಷ್ಟು ಸತ್ತವು, ಉಳಿದವು ಆಮೇಲೆ ಅಕ್ಕಿಯನ್ನು ಮೂಸಿಯೂ ನೋಡಲಿಲ್ಲ. ವಿಷವಿಲ್ಲದ ಅಕ್ಕಿ ಇಟ್ಟು ಮೊದಲು ರುಚಿ ಹತ್ತಿಸಬೇಕಿತ್ತು, ಆತುರಪಟ್ಟೆ. ಆಳು ಹಚ್ಚಿ ಅಗೆಸಿದೆ. ಕೂಲಿಯೇ ಮೂರು ಸಾವಿರ ದಾಟಿತು, ಸಿಕ್ಕಿದ್ದು ನಾಲ್ಕು. ಬದು ಒಡೆದು ನೀರು ಕೆಳಗಿನ ಗದ್ದೆಗೆ ನುಗ್ಗಿತು, ಆ ಜಗಳ ಬೇರೆ.

ಕೊಯ್ಲಾದ ಮೇಲೆ ಒಂದು ಬಿಲಕ್ಕೆ ಸಿಮೆಂಟು ತೆಳ್ಳಗೆ ಕಲಸಿ ಹೊಯ್ದೆ. ಅರ್ಧ ಚೀಲ ನುಂಗಿತು! ಎರಡು ದಿನ ಬಿಟ್ಟು ಮಣ್ಣು ಬಿಡಿಸಿದರೆ, ಮುಷ್ಟಿ ಗಾತ್ರದ ಸುರಂಗ ಎರಡಡಿ ಆಳದಲ್ಲಿ ಕವಲೊಡೆದಿತ್ತು. ಒಂದು ಕಡೆ ಹುಲ್ಲು ಸೀಳಿ ಮಾಡಿದ ಗೂಡು, ಇನ್ನೊಂದು ಕಡೆ ತೆನೆ ತುಂಬಿದ ಕೋಣೆ. ಸಿಮೆಂಟಿನ ಮೇಲೆ ಜೋಡಿ ಹಲ್ಲಿನ ಗೀರು ಅಚ್ಚಾಗಿತ್ತು. ಒಂದು ಕವಲು ಮಾತ್ರ ನೇರ ಮೇಲೆ ಬಂದು, ನೆಲಕ್ಕೆ ಎರಡು ಬೆರಳು ಇರುವಾಗ ನಿಂತಿತ್ತು. ಹೊರಗೆ ಮಣ್ಣಿನ ಗುಡ್ಡೆಯೇ ಇಲ್ಲ. ನಾವು ಬಿಲದ ಬಾಯಿ ಅಗೆಯುವಷ್ಟರಲ್ಲಿ ಹೆಗ್ಗಣ ಇಲ್ಲಿಂದ ತಲೆ ಗುದ್ದಿ ಪರಾರಿ.

ಈಗ ಸಂಜೆ ಎಲ್ಲ ಬಾಯಿಗಳನ್ನೂ ಮುಚ್ಚುತ್ತೇನೆ. ಬೆಳಿಗ್ಗೆ ಹೊಸ ಮಣ್ಣು ಕಂಡಲ್ಲಿ ಹಸಿ ಹುಲ್ಲಿನ ಹೊಗೆ ಊದುತ್ತೇನೆ. ಸ್ವಲ್ಪ ಹೊತ್ತಿಗೆ ಎಲ್ಲೋ ನಾಲ್ಕು ಮಾರು ದೂರದಲ್ಲಿ ನೆಲವೇ ಸಣ್ಣಗೆ ಹೊಗೆಯಾಡುತ್ತದೆ. ಅಲ್ಲಿಗೆ ಬಲೆ. ಹುಲ್ಲಿನ ಜೊತೆ ಏನು ಸೇರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಭತ್ತ ಹೊಡೆ ಕಟ್ಟುವ, ಅಂದರೆ ಒಳಗೆ ತೆನೆ ಮೂಡುವ ಮೊದಲೇ ಮುಗಿಸಬೇಕು, ತಡವಾದರೆ ಮರಿಗಳ ಲೆಕ್ಕ ಶುರು. ಹೀಗೆ ಮಾಡಿದ ಮೊದಲ ಹಂಗಾಮಿನಲ್ಲಿ ಎರಡು ಎಕರೆಗೆ ಮೂವತ್ತರ ಆಸುಪಾಸು ಹಿಡಿದೆ. ಖರ್ಚು ಬಲೆಗೆ ಇನ್ನೂರೋ ಮುನ್ನೂರೋ, ಅಷ್ಟೇ. ಒಂದು ಬಿಲದಿಂದ ಎರಡು ಸೇರು ಭತ್ತವೂ ವಾಪಸ್ ಬಂತು.

ಒಂದು ಸಲ ಮಾತ್ರ ಬಲೆಗೆ ಬಂದದ್ದು ನಾಗರಹಾವು. ಬಲೆ ಅಲ್ಲೇ ಬಿಟ್ಟು ಓಡಿದೆ. ಅಂದಿನಿಂದ ಬಲೆಯೊಳಗೆ ಗುರ್ ಅನ್ನುವ ಸದ್ದು ಕೇಳದೆ ಕೈ ಹಾಕಲ್ಲ. ಹೆಗ್ಗಣ ಥೇಟ್ ಹಂದಿಯ ಹಾಗೆ ಗುರುಗುಟ್ಟುತ್ತದೆ. ತೆಲುಗಿನವರು ಅದಕ್ಕೆ ಪಂದಿಕೊಕ್ಕು ಅನ್ನೋದು ಸುಮ್ನೆ ಅಲ್ಲ, ಪಂದಿ ಅಂದರೆ ಹಂದಿ.

ಈ ಸಲ ಬದುವನ್ನೇ ಒಂದಡಿ ಅಗಲಕ್ಕೆ ಸವರಿ ನೋಡುತ್ತಿದ್ದೇನೆ. ಅಷ್ಟು ಸಣ್ಣ ಜಾಗದಲ್ಲಿ ಬಿಲ ಹೇಗೆ ಕೊರೆಯುತ್ತೆ, ಅಲ್ವಾ? ಇಲ್ಲಿಯವರೆಗೆ ಎರಡೇ ಗುಡ್ಡೆ ಕಂಡಿವೆ. ಎರಡೂ ಪಕ್ಕದವರ ದಪ್ಪ ಬದುವಿನಲ್ಲಿ.